ಭಾವ ಕೋವಿ ಕೇಳುತ್ತಿದ್ದಾರೆ, ಕೊಡಬಹುದೇ?

ಸಂಪಾದಕರ ಉತ್ತರ

ಕೊಪ್ಪ ತಾಲ್ಲೂಕಿನ ಓದುಗರೊಬ್ಬರು ಬರೆದ ಪತ್ರ ಇದು. ಹೆಸರು ಬೇಡ ಅಂದಿದ್ದಾರೆ. ಸ್ವಲ್ಪ ಚಿಕ್ಕದು ಮಾಡಿ ಕೊಟ್ಟಿದ್ದೇವೆ:

“ಬೆಳೆ ರಕ್ಷಣೆಗೆಂದು ಪಡೆದ ಜೋಡಿ ನಳಿಗೆ ಕೋವಿ ನನ್ನ ಹೆಸರಿನಲ್ಲಿದೆ. ಪಕ್ಕದ ಊರಿನಲ್ಲಿ ಅಕ್ಕ, ಭಾವ ಇದ್ದಾರೆ. ಅವರ ಹೊಸ ಅಡಿಕೆ ಗಿಡ, ಬಾಳೆ ಎಲ್ಲ ಹಂದಿಗಳ ಪಾಲಾಗುತ್ತಿದೆ. ಹದಿನೈದು ದಿನದ ಮಟ್ಟಿಗೆ ಕೋವಿ ಕೊಡು ಅಂತ ಭಾವ ಕೇಳುತ್ತಿದ್ದಾರೆ. ಅವರಿಗೆ ಲೈಸೆನ್ಸ್ ಇಲ್ಲ. ನಮ್ಮ ಅಪ್ಪ ಕೇರಿಯಲ್ಲಿ ಯಾರು ಕೇಳಿದರೂ ಕೊಡುತ್ತಿದ್ದರು, ಒಂದು ದಿನವೂ ತೊಂದರೆ ಆಗಿರಲಿಲ್ಲ. ಇಲ್ಲ ಅಂದರೆ ಅಕ್ಕ ಬೇಜಾರು ಮಾಡಿಕೊಳ್ಳುತ್ತಾಳೆ. ಭಾವ ಮೊದಲೇ ನೊಂದಿದ್ದಾರೆ. ಎಲೆಚುಕ್ಕೆ ರೋಗ ಬಂದು ಫಸಲು ಹೋಯಿತು, ಸೊಸೈಟಿ ಸಾಲ ಹಾಗೇ ಉಳಿಯಿತು. ಈಚೆಗೆ ಯಾರ ಹತ್ತಿರವೂ ಮಾತಿಲ್ಲ, ರಾತ್ರಿ ನಿದ್ದೆ ಇಲ್ಲ, ಕುಡಿಯುವುದೂ ಜಾಸ್ತಿಯಾಗಿದೆ. ಇಂಥ ಹೊತ್ತಿನಲ್ಲಿ ಹೇಗೆ ಇಲ್ಲ ಅನ್ನಲಿ? ಇನ್ನೊಂದು ವಿಷಯ. ನನಗೆ ಮಂಡಿನೋವು. ಲೈಸೆನ್ಸ್ ನವೀಕರಣದ ಸಮಯದಲ್ಲಿ ಕೋವಿಯನ್ನು ಮಗ ತೆಗೆದುಕೊಂಡು ಹೋಗಬಹುದೇ?”

ಪ್ರಿಯ ಓದುಗರೇ,

ಪತ್ರಿಕೆ ಅಚ್ಚಾಗಿ ನಿಮ್ಮ ಕೈಸೇರುವವರೆಗೆ ಕಾಯುವ ವಿಷಯ ಇದಲ್ಲ. ಅದಕ್ಕೇ ಪತ್ರ ಓದಿದ ದಿನವೇ ಫೋನ್ ಮಾಡಿ “ಕೊಡಬೇಡಿ” ಎಂದೆ. ಯಾಕೆ ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ. ಮಲೆನಾಡಿನಲ್ಲಿ ಇದು ನಿಮ್ಮೊಬ್ಬರ ಪ್ರಶ್ನೆಯಲ್ಲ. ಕೋವಿ ಇರುವ ಪ್ರತಿ ಮನೆಗೂ ಒಂದಲ್ಲ ಒಂದು ದಿನ ಈ ಕೇಳಿಕೆ ಬರುತ್ತದೆ.

ಮೊದಲು ಕಾನೂನು. 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ‘ವರ್ಗಾವಣೆ’ ಅಂದರೆ ಮಾರುವುದು ಮಾತ್ರ ಅಲ್ಲ. ಬಾಡಿಗೆಗೆ ಕೊಡುವುದು, ಎರವಲು ಕೊಡುವುದು, ಸುಮ್ನೆ ಕೈಬಿಟ್ಟು ಕೊಡುವುದು ಎಲ್ಲವೂ ವರ್ಗಾವಣೆಯೇ ಎಂದು ಕಾಯ್ದೆಯ ಎರಡನೇ ಕಲಮಿನಲ್ಲೇ ಬರೆದಿದೆ. “ನಾನೇನು ಮಾರಿದೆನೇ, ನಾಲ್ಕು ದಿನಕ್ಕೆ ಕೊಟ್ಟೆ ಅಷ್ಟೆ” ಅನ್ನುವ ಮಾತು ಅಲ್ಲಿ ನಡೆಯುವುದಿಲ್ಲ. ಇನ್ನು ಮಾರುವುದೇ ಆದರೂ, ತೆಗೆದುಕೊಳ್ಳುವವರಿಗೆ ಅರ್ಹತೆ ಇರಬೇಕು, ನೀವು ಜಿಲ್ಲಾಧಿಕಾರಿಗೋ ಹತ್ತಿರದ ಠಾಣೆಗೋ ಲಿಖಿತವಾಗಿ ತಿಳಿಸಬೇಕು, ಆಮೇಲೆ 45 ದಿನ ಕಾಯಬೇಕು.

ಇಲ್ಲಿ ಒಂದು ಮಾತು ನಿಮ್ಮ ಗಮನಕ್ಕೆ ಬರಲೇಬೇಕು. ಲೈಸೆನ್ಸ್ ಇಲ್ಲದವರ ಕೈಗೆ ಕೋವಿ ಕೊಟ್ಟವರಿಗೆ 29ನೇ ಕಲಮಿನಲ್ಲಿ ಇರುವ ಶಿಕ್ಷೆ ಆರು ತಿಂಗಳವರೆಗಿನ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ಆದರೆ ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಂಡು ಸಿಕ್ಕಿಬಿದ್ದವರಿಗೆ, 2019ರ ತಿದ್ದುಪಡಿಯ ನಂತರ, ಕನಿಷ್ಠ ಎರಡು ವರ್ಷ, ಗರಿಷ್ಠ ಐದು ವರ್ಷ ಜೈಲು. ಅಂದರೆ ಭಾವನಿಗೆ ಉಪಕಾರ ಮಾಡುತ್ತೇನೆಂದು ಕೊಟ್ಟ ಕೋವಿ ಅವರನ್ನೂ ಸಿಕ್ಕಿಸುತ್ತದೆ. ನೀವೂ ಅಷ್ಟಕ್ಕೇ ಪಾರಾಗುತ್ತೀರಿ ಅಂತಲ್ಲ. ಲೈಸೆನ್ಸ್ ಇಲ್ಲದ ಮಾರಾಟ, ವರ್ಗಾವಣೆಯನ್ನು ತಡೆಯುವ ಐದನೇ ಕಲಂ ಮೀರಿದ್ದೀರಿ ಎಂದು ಕೇಸಾದರೆ ಶಿಕ್ಷೆ ಎಷ್ಟೋ ಪಟ್ಟು ದೊಡ್ಡದು. ಲೈಸೆನ್ಸ್ ರದ್ದಾಗುವುದಂತೂ ಇದ್ದೇ ಇದೆ. ಆ ಕೋವಿಯಿಂದ ಯಾರದ್ದಾದರೂ ಜೀವ ಹೋದರೆ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಂ, ನಿರ್ಲಕ್ಷ್ಯದಿಂದ ಸಾವು, ಐದು ವರ್ಷದವರೆಗೆ ಜೈಲು. ಕೋವಿ ಯಾರದ್ದು ಅನ್ನುವುದೇ ಪೊಲೀಸರ ಮೊದಲ ಪ್ರಶ್ನೆ. ನಂಬರ್ ನೋಡಿದರೆ ನಿಮ್ಮ ಮನೆಗೇ ಬರುತ್ತಾರೆ.

ಭಾವನಿಗೂ ಲೈಸೆನ್ಸ್ ಇದ್ದಿದ್ದರೆ ಕೊಡಬಹುದಿತ್ತೇ ಎಂದು ಕೆಲವರು ಕೇಳುತ್ತಾರೆ. ಆಗಲೂ ಆಗುವುದಿಲ್ಲ. ಲೈಸೆನ್ಸ್ ಪುಸ್ತಕದಲ್ಲಿ ಇಂಥದ್ದೇ ಕೋವಿ, ಇಂಥದ್ದೇ ನಂಬರ್ ಎಂದು ಬರೆದಿರುತ್ತದೆ. ನಿಮ್ಮ ಕೋವಿ ಅವರ ಪುಸ್ತಕದಲ್ಲಿ ಇಲ್ಲ.

ಕೊಡಗಿನ ಓದುಗರು ನಮಗೆ ಲೈಸೆನ್ಸೇ ಬೇಡವಲ್ಲ ಅನ್ನಬಹುದು. ನಿಜ. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ (ಕೊಡಗಿನಲ್ಲಿ ವಂಶಪಾರಂಪರ್ಯವಾಗಿ ಬಂದ ಜಮೀನಿನವರಿಗೆ) ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿ ಅದು. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು. 2021ರಲ್ಲಿ ಕರ್ನಾಟಕ ಹೈಕೋರ್ಟ್ ಕೂಡ ಎತ್ತಿಹಿಡಿಯಿತು. ಕೊಡವರ ಆಯುಧಪೂಜೆಯ ಹಬ್ಬ ಕೈಲ್ ಪೊಳ್ದ್ ದಿನ ತೋಕಿಗೆ, ಅಂದರೆ ಕೋವಿಗೆ, ಹೂವಿಟ್ಟು ಪೂಜೆ ಮಾಡುವವರಿಗೆ ಅದರ ಮೇಲಿರುವ ಗೌರವ ನನಗೆ ಗೊತ್ತು. ಆದರೆ ವಿನಾಯಿತಿ ಸಿಕ್ಕಿರುವುದು ಜನಕ್ಕೆ, ಕೋವಿಗಲ್ಲ. ರಜೆಗೆ ಬಂದ ಬೆಂಗಳೂರಿನ ಗೆಳೆಯನ ಕೈಗೆ ಕೊಟ್ಟು ಕಳಿಸಿದರೆ ಅವನಿಗೆ ಆ ರಕ್ಷಣೆ ಸಿಗುವುದಿಲ್ಲ.

ಈಗ ನಿಮ್ಮ ತಂದೆಯವರ ವಿಷಯ. ನಮ್ಮ ಕಡೆ ದೋಟಿ, ಏಣಿ, ಔಷಧಿ ಹೊಡೆಯುವ ಪಂಪು ಎಲ್ಲ ಮನೆಯಿಂದ ಮನೆಗೆ ಓಡಾಡುತ್ತವೆ. ಕೊಡುವುದಿಲ್ಲ ಅಂದವರನ್ನು ಊರು ಚೆನ್ನಾಗಿ ನೋಡುವುದಿಲ್ಲ. ಕೋವಿಯೂ ಅದೇ ದಾರಿಯಲ್ಲಿ ಓಡಾಡಿತು. ನಿಮ್ಮ ತಂದೆಯವರಿಗೆ ಅದು ಒಳ್ಳೆಯತನವಾಗಿಯೇ ಕಂಡಿರಬೇಕು. ಆಗಲೂ ಇದೇ ಕಾಯ್ದೆ ಇತ್ತು. ತೊಂದರೆ ಆಗದೆ ಹೋದದ್ದಕ್ಕೆ ಎರಡು ಕಾರಣ ಇರಬಹುದು. ಒಂದು, ಯಾರ ಮನೆಯಲ್ಲಿ ಕೋವಿ ಇದೆ ಎಂದು ಇಡೀ ಕೇರಿಗೆ ಗೊತ್ತಿರುತ್ತಿತ್ತು. ಇನ್ನೊಂದು, ಅದೃಷ್ಟ. ಎರಡನ್ನೂ ನಂಬಿ ನೀವು ಇವತ್ತು ಕೋವಿ ಕೊಡಲಾರಿರಿ.

ಕೋವಿ ಬಲ್ಲವರು ಒಪ್ಪುತ್ತಾರೆ: ಒಬ್ಬರ ಕೋವಿ ಇನ್ನೊಬ್ಬರ ಕೈಗೆ ಒಗ್ಗುವುದಿಲ್ಲ. ಹಳೆಯ ಜೋಡಿ ನಳಿಗೆಯಲ್ಲಿ ಯಾವ ಟ್ರಿಗರ್ ಸಡಿಲ, ಈಡು ಸಿಡಿಸಲು ಬಡಿಯುವ ಕುದುರೆ ಎಷ್ಟು ಎಳೆದರೆ ನಿಲ್ಲುತ್ತದೆ, ಅರ್ಧ ಎಳೆದಾಗ ಜಾರುತ್ತದೆಯೇ, ಇವೆಲ್ಲ ವರ್ಷಗಟ್ಟಲೆ ಹಿಡಿದವನಿಗೆ ಮಾತ್ರ ಗೊತ್ತು. ನಳಿಗೆಯ ಬಾಯಿಂದ ಮದ್ದು ತುಂಬುವ ಕೇಪಿನ ಕೋವಿಯಾದರೆ ಇನ್ನೂ ಕಷ್ಟ. ಒಳಗೆ ಈಡು ತುಂಬಿದೆಯೋ ಇಲ್ಲವೋ ಹೊರಗಿನಿಂದ ನೋಡಿದರೆ ಕಾಣುವುದಿಲ್ಲ. ಕೊಟ್ಟವರು “ಖಾಲಿ ಇದೆ” ಅಂದರೆ ಅದನ್ನೇ ನಂಬಬೇಕು. ಅದರ ಮೇಲೆ ರಾತ್ರಿ, ಮಳೆ, ಹೆಡ್‌ಲೈಟಿನ ಬೆಳಕು. ಪೊದೆಯಲ್ಲಿ ಎರಡು ಕಣ್ಣು ಹೊಳೆಯಿತೆಂದು ಈಡು ಹೊಡೆಯುತ್ತಾರೆ. ಅದು ಹಂದಿಯಲ್ಲ, ಪಕ್ಕದ ಮನೆಯ ದನ. ಕೆಲವೊಮ್ಮೆ ಮನುಷ್ಯ. ಜೊತೆಗೆ ಬಂದವನ ಮೇಲೆಯೇ ಗುಂಡು ಬಿದ್ದ ಸುದ್ದಿಗಳನ್ನು ನಾವೆಲ್ಲ ಓದಿದ್ದೇವೆ. ನಿದ್ದೆಗೆಟ್ಟ, ಕುಡಿದ ಮನುಷ್ಯ ಒಬ್ಬರೇ ತೋಟದಲ್ಲಿ ಪರರ ಕೋವಿ ಹಿಡಿದು ಕೂತರೆ ಏನಾಗಬಹುದು ಎಂದು ಯೋಚಿಸಿ.

ಇಲ್ಲಿಂದ ನಿಮ್ಮ ಪತ್ರದಲ್ಲಿ ನನ್ನನ್ನು ಎಲ್ಲಕ್ಕಿಂತ ಜಾಸ್ತಿ ಕಾಡಿದ ಸಾಲುಗಳಿಗೆ ಬರುತ್ತೇನೆ. ಭಾವ ಮಾತು ಬಿಟ್ಟಿದ್ದಾರೆ, ನಿದ್ದೆ ಇಲ್ಲ, ಕುಡಿತ ಹೆಚ್ಚಾಗಿದೆ, ಸಾಲ ಇದೆ ಎಂದು ಬರೆದಿರಿ. ಇಂಥವರಿಗೆ ಹೇಗೆ ಇಲ್ಲ ಅನ್ನಲಿ ಎಂದು ಕೇಳಿದಿರಿ. ನಾನು ಹೇಳುವುದು ಇಷ್ಟು: ಅವರು ಹೀಗಿರುವುದರಿಂದಲೇ ಇಲ್ಲ ಅನ್ನಬೇಕು.

ಲೈಸೆನ್ಸ್ ಕೊಡುವ ಮೊದಲು ಸರ್ಕಾರ ಏನೇನು ಕೇಳುತ್ತದೆ ನೋಡಿ. ಪೊಲೀಸರು ಮನೆಗೆ ಬಂದು ವಿಚಾರಿಸುತ್ತಾರೆ. ದೇಹ ಮತ್ತು ಮನಸ್ಸಿನ ಆರೋಗ್ಯದ ಬಗ್ಗೆ ವೈದ್ಯರ ಸರ್ಟಿಫಿಕೇಟ್ ಬೇಕು. ಕೋವಿಯನ್ನು ಸುರಕ್ಷಿತವಾಗಿ ಇಡುತ್ತೇನೆ ಎಂದು ಬರೆದುಕೊಡಬೇಕು. ಇದೆಲ್ಲ ಬರೀ ಕಾಗದದ ಕಾಟ ಎಂದು ನಾವು ಗೊಣಗುತ್ತೇವೆ. ಆದರೆ ನೀವು ಭಾವನ ಕೈಗೆ ಕೋವಿ ಕೊಟ್ಟ ಆ ಕ್ಷಣದಲ್ಲಿ ಪೊಲೀಸರು, ವೈದ್ಯರು, ಜಿಲ್ಲಾಧಿಕಾರಿ ಎಲ್ಲರ ತೀರ್ಮಾನವನ್ನೂ ನೀವೊಬ್ಬರೇ ಮಾಡಿಬಿಡುತ್ತೀರಿ. ಅದೂ ಅಕ್ಕನಿಗೆ ಬೇಜಾರಾಗುತ್ತದೆ ಅನ್ನುವ ಒಂದೇ ಕಾರಣಕ್ಕೆ.

ಭಾವನ ಮನಸ್ಸಿನಲ್ಲಿ ಏನಿದೆ ಎಂದು ನನಗೆ ಗೊತ್ತಿಲ್ಲ. ನಿಜವಾಗಿಯೂ ಹಂದಿಗೇ ಕೇಳಿರಬಹುದು. ಆದರೆ ಮನಸ್ಸು ಕುಸಿದವರಿಗೆ ಬರುವ ಕೆಟ್ಟ ಯೋಚನೆ ಎಷ್ಟೋ ಸಲ ಸ್ವಲ್ಪ ಹೊತ್ತಿನದು. ಆ ಹೊತ್ತು ದಾಟಿದರೆ ಬದುಕುತ್ತಾರೆ. ಆ ಹೊತ್ತಿನಲ್ಲಿ ಮನೆಯಲ್ಲಿ ಕೋವಿ ಇರಬಾರದು. ನೀವು ಮಾಡಬಹುದಾದ ಅತಿ ದೊಡ್ಡ ಸಹಾಯ ಇದೇ. ನಮ್ಮ ಅಡಿಕೆ ಬೆಳೆಗಾರರ ಮನೆಗಳಲ್ಲಿ ಈ ಮಾತು ಬಾಯಿಬಿಟ್ಟು ಆಡುವುದು ಬಹಳ ಕಡಿಮೆ. ಎಲೆಚುಕ್ಕೆಗೆ ಯಾವ ಔಷಧಿ ಎಂದು ಗಂಟೆಗಟ್ಟಲೆ ಮಾತಾಡುತ್ತೇವೆ, ತೋಟದ ಯಜಮಾನ ಹೇಗಿದ್ದಾನೆ ಎಂದು ಕೇಳುವುದಿಲ್ಲ.

ನೀವು ಕೇಳಿ. ಅಕ್ಕನ ಮನೆಗೆ ಹೋಗಿ, ಭಾವನ ಜೊತೆ ತೋಟ ಸುತ್ತಿ, ನೇರವಾಗಿ ಕೇಳಿ: “ಭಾವ, ನಿಮಗೆ ಬದುಕೇ ಬೇಡ ಅನ್ನಿಸ್ತಾ ಇದೆಯಾ?” ಹೀಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಬರುತ್ತದೆ ಎಂದು ಹೆದರಬೇಡಿ. ಹಾಗಾಗುವುದಿಲ್ಲ. ಒಬ್ಬರಾದರೂ ಕೇಳಿದರಲ್ಲ ಎಂದು ಹಗುರಾಗುವವರೇ ಹೆಚ್ಚು. ಹೌದು ಅಂದರೆ ಒಬ್ಬರನ್ನೇ ಬಿಡಬೇಡಿ, ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಟೆಲಿ ಮಾನಸ್ ಸಹಾಯವಾಣಿ 14416 ಹಗಲೂ ರಾತ್ರಿ ಇದೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಅವರು ಕರೆ ಮಾಡದಿದ್ದರೆ, ಏನು ಮಾಡಲಿ ಎಂದು ಕೇಳುವುದಕ್ಕೆ ನೀವೇ ಮಾಡಬಹುದು. ಸೊಸೈಟಿಯ ಸಾಲದ ವಿಷಯಕ್ಕೂ ಜೊತೆಗೆ ಹೋಗಿ ಕೂತುಕೊಳ್ಳಿ. ಒಬ್ಬರೇ ಹೋಗಿ ಕೇಳುವುದಕ್ಕೆ ಮಾನಕ್ಕೆ ಹೆದರುವ ಮನುಷ್ಯ, ಭಾವಮೈದ ಜೊತೆಗಿದ್ದರೆ ಧೈರ್ಯ ಮಾಡುತ್ತಾನೆ.

ಕೋವಿ ಇಲ್ಲ ಅನ್ನುವ ಮಾತನ್ನು ಮೊದಲು ಅಕ್ಕನಿಗೆ ಹೇಳಿ. “ಕೋವಿ ರಿಪೇರಿಗೆ ಹೋಗಿದೆ” ಅಂತ ಸುಳ್ಳು ಬೇಡ. ಅದು ವಾಪಸ್ ಬಂದ ದಿನ ಮತ್ತೆ ಕೇಳುತ್ತಾರೆ. “ಅಕ್ಕಾ, ಭಾವ ಸರಿಯಾಗಿ ನಿದ್ದೆ ಮಾಡ್ತಿಲ್ಲ, ಕುಡೀತಿದ್ದಾರೆ. ಈಗ ಕೋವಿ ಕೊಟ್ಟು ಏನಾದರೂ ಆದರೆ ನಿನ್ನ ಮುಖ ನೋಡೋಕೆ ನನಗಾಗಲ್ಲ. ಹಂದಿ ವಿಷಯಕ್ಕೆ ನಾನೇ ಬಂದು ನಿಲ್ತೀನಿ” ಅನ್ನಿ. ಅಕ್ಕ ಬಹುಶಃ ನಿಮಗಿಂತ ಮೊದಲೇ ಹೆದರಿರಬಹುದು.

ನಿಮ್ಮ ಮನೆಯಲ್ಲೂ ಕೋವಿಯನ್ನು ಗೋಡೆಯ ಮೊಳೆಗೆ ನೇತುಹಾಕುವುದನ್ನು ಬಿಡಿ. ಬೀರುವಿನೊಳಗೆ ಬೀಗ ಹಾಕಿ. ತೋಟಾಗಳನ್ನು (ಗುಂಡುಗಳನ್ನು) ಬೇರೆ ಕಡೆ, ಬೇರೆ ಬೀಗದಲ್ಲಿ ಇಡಿ. ಕೀಲಿ ಎಲ್ಲಿದೆ ಎಂದು ನೆಂಟರಿಗೆಲ್ಲ ಗೊತ್ತಿರುವುದು ಬೇಡ. ಯಾರದ್ದಾದರೂ ಮನೆಯಲ್ಲೇ ಕೋವಿ ಇದ್ದು, ಯಜಮಾನನ ಮನಸ್ಸು ಸರಿಯಿಲ್ಲ ಅನ್ನಿಸಿದರೆ, ಗೆಳೆಯರು ಅದನ್ನು ತಂದು ತಮ್ಮ ಮನೆಯಲ್ಲಿ ಇಟ್ಟುಕೊಳ್ಳಬಾರದು. ಅದೂ ಅಪರಾಧವೇ. ಠಾಣೆಯಲ್ಲೋ, ಲೈಸೆನ್ಸ್ ಇರುವ ಬಂದೂಕು ಅಂಗಡಿಯಲ್ಲೋ ಠೇವಣಿ ಇಡುವ ಬಗ್ಗೆ ವಿಚಾರಿಸಿ. ಚುನಾವಣೆ ಬಂದಾಗ ಇಟ್ಟು ಬರುವುದು ನಮಗೆಲ್ಲ ರೂಢಿಯೇ ಅಲ್ವಾ?

ಹಂದಿಯ ವಿಷಯ. ನೀವೇ ಕೋವಿ ಹಿಡಿದು ಭಾವನ ತೋಟಕ್ಕೆ ಹೋಗುವ ಮೊದಲು ನಿಮ್ಮ ಲೈಸೆನ್ಸ್ ಪುಸ್ತಕ ತೆಗೆದು ನೋಡಿ. ಬೆಳೆ ರಕ್ಷಣೆಯ ಲೈಸೆನ್ಸ್ ಕೆಲವೊಮ್ಮೆ ನಿಮ್ಮ ಜಮೀನಿಗಷ್ಟೇ ಸೀಮಿತವಾಗಿರುತ್ತದೆ. ಹಾಗಿದ್ದರೆ ಬರಿಗೈಯಲ್ಲೇ ಹೋಗಿ ಕಾವಲು ಕೂರಿ. ಹಂದಿಯನ್ನು ಹೊಡೆಯುವುದಂತೂ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಆಗದ ಮಾತು. 1972ರ ವನ್ಯಜೀವಿ ಕಾಯ್ದೆಯಡಿ ಕೇಸಾಗುತ್ತದೆ, ಕೋವಿ ಜಪ್ತಿಯಾಗುತ್ತದೆ. ಹದಿನೈದು ದಿನದ ಕೋವಿಗಿಂತ ಒಂದು ಒಳ್ಳೆಯ ಐಬೆಕ್ಸ್ ಬೇಲಿ (ಪ್ರಾಣಿಗೆ ಸಣ್ಣ ಶಾಕ್ ಕೊಟ್ಟು ಓಡಿಸುವ ತಂತಿ ಬೇಲಿ) ಎಷ್ಟೋ ವರ್ಷ ಕಾಯುತ್ತದೆ. ಸೋಲಾರ್ ಬೇಲಿಗೆ ಸಹಾಯಧನ ಈಗ ಏನಿದೆ ಎಂದು ತೋಟಗಾರಿಕೆ ಇಲಾಖೆಯಲ್ಲೂ ಅರಣ್ಯ ಇಲಾಖೆಯಲ್ಲೂ ಕೇಳಿ. ಬೆಳೆ ಹಾನಿ ಪರಿಹಾರಕ್ಕೆ ಫೋಟೋ, ಪಹಣಿ ಕೊಟ್ಟು ಅರ್ಜಿ ಹಾಕಿಸಿ. ಬೇಲಿಗೆ ಮನೆಯ ಕರೆಂಟನ್ನು ನೇರವಾಗಿ ಕೊಡುವ ಹುಚ್ಚು ಕೆಲಸಕ್ಕೆ ಮಾತ್ರ ಯಾರೂ ಕೈಹಾಕಬೇಡಿ. ಅದು ಜನರನ್ನೇ ಕೊಲ್ಲುತ್ತದೆ.

ಮುಂದೆ ಭಾವ ಚೇತರಿಸಿಕೊಂಡು, ಆಗಲೂ ಕೋವಿ ಬೇಕು ಅನ್ನಿಸಿದರೆ ಅವರ ಹೆಸರಲ್ಲೇ ಅರ್ಜಿ ಹಾಕಲಿ. ಜಿಲ್ಲಾಧಿಕಾರಿ ಕಚೇರಿಯ ಕೆಲಸಕ್ಕೆ ಓಡಾಡುವಾಗ ನೀವು ಜೊತೆಗಿರಿ.

ಕೊನೆಗೆ ಮಗನ ವಿಷಯ. ರಿಪೇರಿಗೆ ಅಥವಾ ನವೀಕರಣಕ್ಕೆ ಕೋವಿಯನ್ನು ಬೇರೆಯವರು ಒಯ್ಯಲು ಕಾಯ್ದೆಯ ಮೂರನೇ ಕಲಮಿನಲ್ಲೇ ಅವಕಾಶ ಇದೆ. ಲೈಸೆನ್ಸ್‌ದಾರ ಜೊತೆಗಿರಬೇಕು, ಇಲ್ಲವೇ ಲಿಖಿತ ಅಧಿಕಾರ ಕೊಟ್ಟಿರಬೇಕು. ನಿಮ್ಮ ಸಹಿ, ತಾರೀಕು, ಕೋವಿಯ ನಂಬರ್, ಎಲ್ಲಿಗೆ, ಯಾವ ಕೆಲಸಕ್ಕೆ ಎಂದು ಬರೆದ ಪತ್ರ ಮಗನ ಹತ್ತಿರ ಇರಲಿ, ಲೈಸೆನ್ಸ್ ಪುಸ್ತಕವೂ ಇರಲಿ. ಕೋವಿ ಖಾಲಿ ಇದೆ ಎಂದು ನೀವೂ ನೋಡಿ, ಅವನಿಂದಲೂ ನೋಡಿಸಿ, ಚೀಲಕ್ಕೆ ಹಾಕಿ ಕಳಿಸಿ. ಹೋಗುತ್ತಾ ದಾರಿಯಲ್ಲಿ ಭಾವನ ಮನೆಯಲ್ಲಿ ಇಳಿಸಿ ಹೋಗುವುದು ಬೇಡ. ನೇರ ಕಚೇರಿಗೆ, ಅಲ್ಲಿಂದ ನೇರ ಮನೆಗೆ.

ಸಂಪಾದಕ