ಮಗಳಿಗೆ ಪ್ಯಾಂಟೊದಲ್ಲಿ ಪಾರ್ಟು ಸಿಕ್ಕಿದೆ, ಕಳಿಸೋಣವೇ?

(ಈ ಸಲದ ಪ್ರಶ್ನೆಗಳಿಗೆ ಉತ್ತರಿಸಿದವರು ಇಂಗ್ಲೆಂಡಿನ ರಂಗಮಂದಿರಗಳಲ್ಲಿ ಬಾಲಕಲಾವಿದರನ್ನು ನೋಡಿಕೊಳ್ಳುವ ಶಾಪರೋನ್ ಆಗಿ ಕೆಲಸ ಮಾಡುತ್ತಿರುವ ಕನ್ನಡತಿ.)

ಪ್ರಶ್ನೆ: ನಮ್ಮದು ಹಾಸನ, ಈಗ ಇರುವುದು ಲಂಡನ್ ಹತ್ತಿರದ ಒಂದು ಪಟ್ಟಣದಲ್ಲಿ. ಎಂಟು ವರ್ಷದ ಮಗಳು ಡ್ಯಾನ್ಸ್ ಕ್ಲಾಸಿನವರ ಜೊತೆ ಆಡಿಷನ್‌ಗೆ ಹೋಗಿ ‘ಸಿಂಡರೆಲಾ’ ಪ್ಯಾಂಟೊಗೆ ಆಯ್ಕೆಯಾಗಿದ್ದಾಳೆ. ಡಿಸೆಂಬರ್ ಮೊದಲ ವಾರದಿಂದ ಜನವರಿ ಮೊದಲ ವಾರದವರೆಗೆ ಶೋ. ಅವಳ ಕಾಲು ನೆಲದ ಮೇಲಿಲ್ಲ, ನನಗೆ ಮಾತ್ರ ನಿದ್ದೆ ಇಲ್ಲ. ರಾತ್ರಿ ಹತ್ತರವರೆಗೂ ಥಿಯೇಟರಿನಲ್ಲಿ ಇರಬೇಕಂತೆ, ಅಪ್ಪ ಅಮ್ಮನನ್ನು ಒಳಗೆ ಬಿಡುವುದಿಲ್ಲವಂತೆ. ಸ್ಕೂಲಿನ ಗತಿ ಏನು? ಒಪ್ಪಿಕೊಳ್ಳಲೇ, ಬೇಡವೇ?

ಉತ್ತರ: ಒಪ್ಪಿಕೊಳ್ಳಿ. ನಿಮ್ಮ ಭಯ ಸುಳ್ಳಲ್ಲ, ಆದರೆ ತಪ್ಪು ಕಡೆ ನೋಡುತ್ತಿದೆ.

ಊರಿನಲ್ಲಿರುವ ಓದುಗರಿಗಾಗಿ ಮೊದಲು ಒಂದು ಮಾತು. ಬ್ರಿಟನ್ನಿನ ಪ್ಯಾಂಟೊ (ಪೂರ್ತಿ ಹೆಸರು ಪ್ಯಾಂಟೊಮೈಮ್) ಮೂಕಾಭಿನಯವಲ್ಲ, ಭಾರೀ ಗಲಾಟೆಯ ನಾಟಕ. ಕ್ರಿಸ್‌ಮಸ್ ಬಂತೆಂದರೆ ಊರೂರಿನ ರಂಗಮಂದಿರಗಳಲ್ಲಿ ಸಿಂಡರೆಲಾ, ಅಲ್ಲಾದೀನ್, ಸ್ನೋ ವೈಟ್ ಕಥೆಗಳು. ಗೌನು ತೊಟ್ಟ ಗಂಡಸು ‘ಡೇಮ್’ ಆಗಿ ನಗಿಸುತ್ತಾನೆ, ಖಳ ಬಂದರೆ ಇಡೀ ಸಭೆ ‘ಬೂ’ ಎನ್ನುತ್ತದೆ, ‘ನಿನ್ನ ಹಿಂದೇನೇ ಇದ್ದಾನೆ!’ ಎಂದು ಮಕ್ಕಳು ಗಂಟಲು ಹರಿಯುವಂತೆ ಕಿರುಚುತ್ತಾರೆ. ಊರಿನ ಜನರಾಗಿ, ಇಲಿಗಳಾಗಿ ಬಂದು ಕುಣಿಯುವ ಸ್ಥಳೀಯ ಮಕ್ಕಳ ಗುಂಪಿಗೆ ‘ಬೇಬ್ಸ್’ ಎಂದು ಹೆಸರು. ನಿಮ್ಮ ಮಗಳು ಸೇರಿರುವುದು ಅಲ್ಲಿಗೆ.

ಹೊತ್ತಿನ ಲೆಕ್ಕವನ್ನು ನೀವು ಕಾಯಬೇಕಿಲ್ಲ, ಕಾನೂನು ಕಾಯುತ್ತದೆ. ಮಕ್ಕಳು ಮತ್ತು ಕಿಶೋರರ ಕುರಿತ 1963ರ ಕಾಯ್ದೆ, ಅದರಡಿ ಇಂಗ್ಲೆಂಡಿಗೆ ಮಾಡಿದ 2014ರ ನಿಯಮಗಳು ಇದನ್ನೆಲ್ಲ ಬರೆದಿಟ್ಟಿವೆ. ಐದು ತುಂಬಿ ಇನ್ನೂ ಒಂಬತ್ತಾಗದ ಮಗು ದಿನಕ್ಕೆ ಎಂಟು ಗಂಟೆಗಿಂತ ಹೆಚ್ಚು ಹೊತ್ತು ಥಿಯೇಟರಿನಲ್ಲಿ ಇರುವಂತಿಲ್ಲ. ಅದರಲ್ಲಿ ಪ್ರದರ್ಶನ, ತಾಲೀಮು ಸೇರಿ ಮೂರು ಗಂಟೆ ಮೀರುವಂತಿಲ್ಲ. ರಾತ್ರಿ 11ರ ನಂತರ ಅಲ್ಲಿರಲು ಬಿಡುವುದಿಲ್ಲ. ಸತತ ಆರು ದಿನವಾದರೆ ಏಳನೆಯ ದಿನ ರಜೆ. ಅದಕ್ಕೇ ಕಂಪನಿಗಳು ಮಕ್ಕಳ ಎರಡು ಮೂರು ತಂಡ ಕಟ್ಟಿಕೊಂಡು ಸರದಿಯಲ್ಲಿ ಆಡಿಸುತ್ತವೆ. ಎಲ್ಲ ಶೋಗಳಲ್ಲೂ ನಿಮ್ಮ ಮಗಳೇ ಇರುವುದಿಲ್ಲ, ಜ್ವರ ಬಂದರೆ ಇನ್ನೊಂದು ತಂಡದ ಮಗು ಇದ್ದೇ ಇರುತ್ತದೆ.

ಮಗು ರಂಗಕ್ಕೆ ಬರಲು ಲೈಸೆನ್ಸ್ ಬೇಕು, ಅದಕ್ಕೆ ಅರ್ಜಿ ಹಾಕುವುದು ನಿರ್ಮಾಪಕರ ಕೆಲಸ. ಅರ್ಜಿ ಹೋಗುವುದು ನೀವು ವಾಸವಿರುವ ಊರಿನ ಕೌನ್ಸಿಲ್ಲಿಗೆ (ಸ್ಥಳೀಯ ಆಡಳಿತಕ್ಕೆ), ಮೊದಲ ಶೋಗೆ ಕನಿಷ್ಠ 21 ದಿನ ಮುಂಚೆ. ಜನನ ಪ್ರಮಾಣಪತ್ರ, ಫೋಟೋ, ನಿಮ್ಮ ಸಹಿ, ಶಾಲೆಯ ಮುಖ್ಯಶಿಕ್ಷಕರ ಪತ್ರ ಬೇಕಾಗುತ್ತವೆ. ಆ ಪತ್ರವನ್ನು ನವೆಂಬರಿನವರೆಗೆ ಎಳೆಯಬೇಡಿ. ಡಿಸೆಂಬರ್ ಮೊದಲ ಎರಡು ವಾರ ಶಾಲಾಮಕ್ಕಳಿಗೆಂದೇ ಬೆಳಗಿನ ಶೋ ಇಡುತ್ತಾರೆ, ಪಾಠ ತಪ್ಪುವುದು ಆಗಲೇ. ಓದಿಗೆ ಪೆಟ್ಟು ಬೀಳುತ್ತದೆ ಅನ್ನಿಸಿದರೆ ಕೌನ್ಸಿಲ್ ಲೈಸೆನ್ಸ್ ಕೊಡುವುದಿಲ್ಲ.

ನೀವು ನಿಜವಾಗಿ ವಿಚಾರಿಸಬೇಕಾದದ್ದು ಶಾಪರೋನ್ ಯಾರು ಎಂಬುದನ್ನು. ಇದು ನನ್ನದೇ ವೃತ್ತಿಯಾದ್ದರಿಂದ ಸ್ವಲ್ಪ ಹೆಚ್ಚೇ ಹೇಳುತ್ತೇನೆ. ಸ್ಟೇಜ್ ಡೋರಿನಲ್ಲಿ, ಅಂದರೆ ಕಲಾವಿದರ ಬಾಗಿಲಿನಲ್ಲಿ, ನೀವು ಮಗುವನ್ನು ಬಿಟ್ಟ ಗಳಿಗೆಯಿಂದ ಮತ್ತೆ ಕರೆದುಕೊಳ್ಳುವವರೆಗೆ ತಾಯಿಯ ಜಾಗದಲ್ಲಿರುವವರು ಅವರು. ಕೌನ್ಸಿಲ್ ಅವರ ಹಿನ್ನೆಲೆ ಪರಿಶೀಲಿಸಿ ಒಪ್ಪಿಗೆ ಕೊಟ್ಟಿರುತ್ತದೆ. ಮಗು ಸಪ್ಪಗಿದೆ, ಇವತ್ತು ಸ್ಟೇಜಿಗೆ ಬೇಡ ಎಂದು ಅವರು ಹೇಳಿದರೆ ಡೈರೆಕ್ಟರೂ ಎದುರಾಡುವಂತಿಲ್ಲ. ಹಾಗೆ ಹೇಳಬಲ್ಲ ಗಟ್ಟಿತನ ಇರುವವರು ಬೇಕು. ನಿಯಮದ ಪ್ರಕಾರ ಒಬ್ಬರಿಗೆ ಗರಿಷ್ಠ 12 ಮಕ್ಕಳು. ಪ್ಯಾಂಟೊದಲ್ಲಿ ಅದು ಕಾಗದದ ಮೇಲಷ್ಟೇ ಚೆಂದ. ನಾಲ್ಕು ಮಕ್ಕಳು ಸೈಡ್ ವಿಂಗಿನಲ್ಲಿ, ಆರು ಮಕ್ಕಳು ಎರಡು ಮಹಡಿ ಮೇಲಿನ ಡ್ರೆಸಿಂಗ್ ರೂಮಿನಲ್ಲಿ, ಒಂದು ಮಗುವಿಗೆ ಟಾಯ್ಲೆಟ್ಟು ಅವಸರ. ಒಬ್ಬರೇ ಎಲ್ಲೆಲ್ಲಿ ಇರುತ್ತಾರೆ? ಹಾಗಾಗಿ ಕಂಪನಿಯವರನ್ನು ನೇರವಾಗಿ ಕೇಳಿ: ಒಂದು ಶೋಗೆ ಎಷ್ಟು ಶಾಪರೋನ್? ವಿಂಗಿನಲ್ಲಿ ಯಾರು, ರೂಮಿನಲ್ಲಿ ಯಾರು? ಹುಡುಗರು, ಹುಡುಗಿಯರು ಬೇರೆ ಬೇರೆ ಕಡೆ ಬಟ್ಟೆ ಬದಲಿಸುತ್ತಾರೆಯೇ? ನಾನಲ್ಲದೆ ಬೇರೆಯವರು ಕರೆದೊಯ್ಯಲು ಬಂದರೆ ಏನು ಮಾಡುತ್ತೀರಿ? ಒಳ್ಳೆಯ ಕಂಪನಿ ಈ ಪ್ರಶ್ನೆಗಳಿಗೆ ಮುಖ ಸಿಂಡರಿಸುವುದಿಲ್ಲ. ‘ಅದೆಲ್ಲ ನಾವು ನೋಡಿಕೊಳ್ಳುತ್ತೇವೆ ಬಿಡಿ’ ಎಂದಷ್ಟೇ ಹೇಳಿ ಜಾರಿಕೊಂಡರೆ ಆಗ ನಿದ್ದೆಗೆಡಿ.

ಎರಡು ಶೋ ಇರುವ ದಿನ ನಡುವಿನ ಹೊತ್ತಿಗೆ ಊಟ ಕಟ್ಟಿಕೊಡಿ. ಚಿತ್ರಾನ್ನ ಬೇಡ. ಬಿಳಿ ಟೈಟ್ಸಿಗೆ ಅರಿಶಿನ ತಾಗಿತೆಂದರೆ ವೇಷಭೂಷಣ ನೋಡಿಕೊಳ್ಳುವ ವಾರ್ಡ್‌ರೋಬ್‌ನವರು ನಿಮ್ಮ ವಂಶವನ್ನೇ ನೆನೆಯುತ್ತಾರೆ. ಮೊಸರನ್ನ ನಿರಪಾಯ. ಕಡಲೆಕಾಯಿ, ಗೋಡಂಬಿ ಹಾಕಿದ್ದು ಯಾವುದೂ ಬೇಡ, ಬೇರೆ ಮಗುವಿಗೆ ಅಲರ್ಜಿ ಇರಬಹುದು.

ನೀವು ಕೇಳದ ಒಂದು ವಿಷಯ: ಡಿಸೆಂಬರಿನಲ್ಲಿ ಊರಿಗೆ ಟಿಕೆಟ್ ಮಾಡಿದ್ದೀರಾ? ನಮ್ಮವರ ಮನೆಗಳಲ್ಲಿ ಪ್ಯಾಂಟೊ ಜಗಳವಾಗುವುದು ಇಲ್ಲಿಯೇ. ಶೋ ನಡೆಯುವುದು ಸ್ಕೂಲು ರಜೆಯ ಹೊತ್ತಿನಲ್ಲಿ, ನಾವು ಹಾರುವುದೂ ಅದೇ ರಜೆಯಲ್ಲಿ. ‘ಹತ್ತು ದಿನ ಹೋಗಿ ಬಂದುಬಿಡುತ್ತೇವೆ’ ಎಂಬುದಕ್ಕೆ ಇಲ್ಲಿ ಜಾಗವಿಲ್ಲ. ಒಪ್ಪಿದ ಮೇಲೆ ಆ ವರ್ಷದ ಪ್ರಯಾಣವನ್ನು ಮರೆಯಬೇಕು. ಅಜ್ಜಿ ತಾತನನ್ನೇ ಇಲ್ಲಿಗೆ ಕರೆಸಿಕೊಳ್ಳಿ, ನಿಮಗೆ ದಿನಾ ಸ್ಟೇಜ್ ಡೋರಿಗೆ ಓಡಾಡಲು ಇನ್ನೊಂದು ಜೊತೆ ಕೈಯೂ ಸಿಗುತ್ತದೆ. ಜನವರಿಯಲ್ಲಿ ಮಗಳು ಒಂದೆರಡು ವಾರ ಮಂಕಾಗಿ ಕೂತರೆ ಗಾಬರಿಯಾಗಬೇಡಿ. ದಿನಾ ಚಪ್ಪಾಳೆ ಕೇಳಿದ ಕಿವಿ, ಮತ್ತೆ ಮಗ್ಗಿ ಬರೆಯಲು ಕೂರಬೇಕಲ್ಲ.

ಪ್ರಶ್ನೆ: ನನ್ನ ಆರು ವರ್ಷದ ಮೊಮ್ಮಗ ಇಂಗ್ಲೆಂಡಿನಲ್ಲಿ ದುಡ್ಡಿಗೆ ನಾಟಕ ಆಡುತ್ತಾನಂತೆ. ಇದು ಬಾಲಕಾರ್ಮಿಕ ಪದ್ಧತಿಯಲ್ಲವೇ? (ನಿವೃತ್ತ ಮೇಷ್ಟ್ರು, ಮೈಸೂರು)

ಉತ್ತರ: ಮೇಷ್ಟ್ರೇ, ಒಂದು ಕಾಲದಲ್ಲಿ ಹೌದು. ಪ್ಯಾಂಟೊ ಕ್ಲೌನ್‌ಗಳಲ್ಲಿ ದೊಡ್ಡ ಹೆಸರಾದ ಜೋಸೆಫ್ ಗ್ರಿಮಾಲ್ಡಿ (1778–1837) ಮೂರು ವರ್ಷದ ಸುಮಾರಿಗೇ ಲಂಡನ್ನಿನ ಸ್ಯಾಡ್ಲರ್ಸ್ ವೆಲ್ಸ್‌ನಲ್ಲಿ ರಂಗ ಹತ್ತಿದ್ದ. ವಿಕ್ಟೋರಿಯಾ ಕಾಲದಲ್ಲಿ ಬಡವರ ಮನೆಯ ಮಕ್ಕಳು ಪ್ಯಾಂಟೊದಲ್ಲಿ ಗುಂಪುಗುಂಪಾಗಿ ಕುಣಿದು ಮನೆಗೆ ಕೂಲಿ ತರುತ್ತಿದ್ದರು. ಏಳರೊಳಗಿನ ಮಕ್ಕಳನ್ನು ರಂಗದಲ್ಲಿ ದುಡಿಸುವುದನ್ನು ತಡೆದದ್ದು 1889ರ ಕಾಯ್ದೆ. ಏಳರಿಂದ ಹತ್ತರವರಿಗೆ ಪರವಾನಗಿ ಬೇಕೆಂದೂ ಅದು ವಿಧಿಸಿತು. ಇಂದಿನ ಲೈಸೆನ್ಸ್ ಪದ್ಧತಿಯ ಬೇರು ಅಲ್ಲಿದೆ.

ನಮ್ಮಲ್ಲೂ ಕಂಪನಿ ನಾಟಕಗಳು ಮಕ್ಕಳನ್ನು ಬಳಸಿಕೊಂಡವು, ಬೆಳೆಸಿದವು ಕೂಡ. ರಾಜ್‌ಕುಮಾರ್ ಬಾಲ್ಯದಲ್ಲೇ ಗುಬ್ಬಿ ವೀರಣ್ಣನವರ ಕಂಪನಿಯಲ್ಲಿ ಬಣ್ಣ ಹಚ್ಚಿದವರು. 2016ರಲ್ಲಿ ತಿದ್ದಿದ ನಮ್ಮ ಬಾಲಕಾರ್ಮಿಕ ಕಾಯ್ದೆಯೂ 14ರೊಳಗಿನ ಬಾಲಕಲಾವಿದರಿಗೆ ಷರತ್ತಿನ ಮೇಲೆ ಅವಕಾಶ ಕೊಟ್ಟಿದೆ: ದಿನಕ್ಕೆ ಐದೇ ಗಂಟೆ, ವಿಶ್ರಾಂತಿ ಇಲ್ಲದೆ ಮೂರು ಗಂಟೆ ಮೀರಬಾರದು, ಸಂಪಾದನೆಯಲ್ಲಿ ಕನಿಷ್ಠ ಶೇ. 20 ಮಗುವಿನ ಹೆಸರಿನಲ್ಲೇ ಠೇವಣಿಯಾಗಬೇಕು, ಮಗುವಿನ ಇಚ್ಛೆಗೆ ವಿರುದ್ಧವಾಗಿ ಯಾವುದೂ ಕೂಡದು. ಈ ಕೊನೆಯ ಷರತ್ತನ್ನು ಯಾವ ದೇಶದ ಇನ್‌ಸ್ಪೆಕ್ಟರಿಗೂ ಪೂರಾ ಪರೀಕ್ಷಿಸಲು ಆಗುವುದಿಲ್ಲ. ನಿಮ್ಮಿಂದ ಆಗುತ್ತದೆ. ವಿಡಿಯೊ ಕಾಲ್ ಮಾಡಿ ಮೊಮ್ಮಗನನ್ನೇ ಕೇಳಿ, ಪಕ್ಕದಲ್ಲಿ ಅವನ ಅಮ್ಮ ಇಲ್ಲದಾಗ.

ಪ್ರಶ್ನೆ: ನಮ್ಮ ಕಂಪನಿಯವರು ‘ಬೋಪಾ’ ಇದೆ, ನಿಮ್ಮ ಮಗನಿಗೆ ಲೈಸೆನ್ಸೂ ಬೇಡ, ಸಂಭಾವನೆಯೂ ಇಲ್ಲ ಎನ್ನುತ್ತಾರೆ. ಮೋಸವೇ? (ಲೆಸ್ಟರ್)

ಉತ್ತರ: ಮೋಸವಲ್ಲ. ಬೋಪಾ ಎಂದರೆ ಮಕ್ಕಳಿಗೆ ಒಬ್ಬೊಬ್ಬರಂತೆ ಲೈಸೆನ್ಸ್ ಪಡೆಯುವ ಬದಲು ಸಂಸ್ಥೆಗೇ ಒಟ್ಟಾಗಿ ಸಿಗುವ ಒಪ್ಪಿಗೆ. ಅದರಡಿ ಮಗುವಿಗಾಗಲಿ ಮಗುವಿನ ಪರವಾಗಿ ಬೇರೆಯವರಿಗಾಗಲಿ ಹಣ ಕೊಡುವಂತಿಲ್ಲ, ಓಡಾಟದಂಥ ಖರ್ಚು ಮಾತ್ರ ಕೊಡಬಹುದು. ಹವ್ಯಾಸಿ ಸಂಘಕ್ಕೆ ಇದು ಸರಿ. ದುಬಾರಿ ಟಿಕೆಟ್ ಮಾರುವ ವೃತ್ತಿಪರ ಕಂಪನಿ ಇದೇ ದಾರಿ ಹಿಡಿದರೆ ಕಾನೂನು ತಡೆಯುವುದಿಲ್ಲ, ನನಗೆ ಹಿಡಿಸುವುದಿಲ್ಲ. ಇನ್ನೊಂದು: ಶಾಲೆ ತಪ್ಪಿಸಲು ಬೋಪಾ ಅನುಮತಿ ಕೊಡುವುದಿಲ್ಲ. ಮುಖ್ಯಶಿಕ್ಷಕರು ಒಲ್ಲೆ ಎಂದರೆ ಬೆಳಗಿನ ಶೋ ನಿಮ್ಮ ಮಗನಿಗಿಲ್ಲ.

ಪ್ರಶ್ನೆ: ಡೇಮ್ ಆಡುವ ದ್ವಂದ್ವಾರ್ಥದ ಮಾತನ್ನು ಮಗು ದಿನಾ ಕೇಳಬೇಕಲ್ಲ?

ಉತ್ತರ: ಅಷ್ಟೇನೂ ಕೇಳುವುದಿಲ್ಲ. ತಮ್ಮ ಸರದಿ ಬರುವವರೆಗೆ ಮಕ್ಕಳು ಡ್ರೆಸಿಂಗ್ ರೂಮಿನಲ್ಲಿ ಊನೋ ಕಾರ್ಡು ಆಡುತ್ತಾ ಜಗಳವಾಡುತ್ತಿರುತ್ತಾರೆ. ಕಿವಿಗೆ ಬಿದ್ದದ್ದೂ ಅರ್ಥವಾಗುವುದಿಲ್ಲ, ಯಕ್ಷಗಾನದ ಹಾಸ್ಯಗಾರನ ಮಾತು ನಮಗೆ ಆ ವಯಸ್ಸಿನಲ್ಲಿ ಅರ್ಥವಾಗಿತ್ತೇ? ಮನೆಗೆ ಬಂದು ಏನಾದರೂ ಒಪ್ಪಿಸಿದರೆ ನಗಬೇಡಿ. ನಕ್ಕರೆ ಮರುದಿನ ಕ್ಲಾಸಿನಲ್ಲೂ ಒಪ್ಪಿಸುತ್ತದೆ.