ಸರ್ಕಾರಿ ದುಡ್ಡಲ್ಲಿ ಫಾರಿನ್: ಷರತ್ತು ಓದಿದ್ದೀರಾ?

ಪ್ರಶ್ನೆ: ವಿಜಯನಗರದ ಒಂದು ಸಂಸ್ಥೆಯಲ್ಲಿ ಐದು ವರ್ಷದಿಂದ ಮಕ್ಕಳ ಆರೋಗ್ಯದ ಕೆಲಸ ಮಾಡುತ್ತಿದ್ದೇನೆ. ಅಮೆರಿಕದಲ್ಲಿ ಸ್ನಾತಕೋತ್ತರ ಓದಿಗೆ ಕೊಡುವ ಫುಲ್‌ಬ್ರೈಟ್-ನೆಹರೂ ಮಾಸ್ಟರ್ಸ್ ಫೆಲೋಶಿಪ್‌ಗೆ ಅರ್ಜಿ ಹಾಕಬೇಕು ಅಂತಿದ್ದೇನೆ. ನಮ್ಮ ಯಜಮಾನರನ್ನು ಕಂಪನಿಯವರು ಅಮೆರಿಕಕ್ಕೆ ಕಳಿಸುವ ಮಾತೂ ನಡೆದಿದೆ. ಓದು ಮುಗಿದ ಮೇಲೆ ಇಬ್ಬರೂ ಅಲ್ಲೇ ಉಳಿಯಬಹುದಾ?

ಅರ್ಜಿ ಖಂಡಿತ ಹಾಕಿ ಮೇಡಂ. ಮೂರು ವರ್ಷದ ಕೆಲಸದ ಅನುಭವ ಕೇಳುತ್ತಾರೆ, ನಿಮಗೆ ಐದಿದೆ. ಆದರೆ ಅಲ್ಲೇ ಉಳಿಯುವ ಲೆಕ್ಕ ಹಾಕಿಕೊಂಡು ಮಾತ್ರ ಹೋಗಬೇಡಿ.

1950ರಲ್ಲಿ ಭಾರತ-ಅಮೆರಿಕ ಮಾಡಿಕೊಂಡ ಒಪ್ಪಂದದಿಂದ ಶುರುವಾಗಿದ್ದು ಇದು. 2008ರಲ್ಲಿ ಖರ್ಚಿನ ಅರ್ಧ ನಾವೂ ಕೊಡುತ್ತೇವೆ ಅಂತ ಭಾರತ ಒಪ್ಪಿತು, ಆಗಲೇ ನೆಹರೂ ಹೆಸರು ಸೇರಿದ್ದು. ಎರಡು ಸರ್ಕಾರಗಳು ಕೈಯಿಂದ ದುಡ್ಡು ಹಾಕಿ ಕಳಿಸುವುದು ನೀವು ಕಲಿತು ವಾಪಸ್ ಬರಲಿ ಅಂತ. ಹಾಗಾಗಿ ಕೊಡುವುದು ಜೆ-1, ಅಂದರೆ ವಿನಿಮಯ ಕಾರ್ಯಕ್ರಮದಲ್ಲಿ ಹೋಗುವವರ ವೀಸಾ, ಅದರ ಜೊತೆಗೆ ಎರಡು ವರ್ಷದ ನಿಯಮ. ಓದು ಮುಗಿಸಿ ಬಂದು ಭಾರತದಲ್ಲಿ ಒಟ್ಟು ಎರಡು ವರ್ಷ ಇರುವ ತನಕ ಎಚ್ ವೀಸಾ (ಅಲ್ಲಿ ಕೆಲಸಕ್ಕೆ ಸೇರುವವರದು), ಎಲ್ ವೀಸಾ (ಕಂಪನಿಯೇ ವರ್ಗ ಮಾಡಿ ಕಳಿಸುವವರದು), ಗ್ರೀನ್ ಕಾರ್ಡ್ ಯಾವುದೂ ಸಿಗುವುದಿಲ್ಲ. ಜನ ಎಡವುವುದು ಇನ್ನೊಂದು ಕಡೆ: ನಾಳೆ ಯಜಮಾನರಿಗೆ ಎಲ್ ವೀಸಾ ಬಂದರೂ ಅವರ ಹೆಂಡತಿ ಅನ್ನುವ ಲೆಕ್ಕದಲ್ಲಿ ಕೂಡ ನೀವು ಹೋಗಿ ನೆಲೆಸುವ ಹಾಗಿಲ್ಲ, ಮತ್ತೆ ಅವರು ಈಗ ನಿಮ್ಮ ಜೊತೆ ಜೆ-2, ಅಂದರೆ ಜೆ-1ನವರ ಮನೆಯವರಿಗೆ ಕೊಡುವ ವೀಸಾದಲ್ಲಿ ಹೋದರೆ ಈ ಕಟ್ಟು ಅವರಿಗೂ ಬೀಳುತ್ತದೆ. ಟೂರಿಸ್ಟ್ ವೀಸಾದಲ್ಲಿ ಹೋಗಿಬರುವುದಕ್ಕೆ ಅಡ್ಡಿಯಿಲ್ಲ. ವಿನಾಯಿತಿ ಕೇಳಬಹುದು ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಫುಲ್‌ಬ್ರೈಟ್‌ನವರಿಗೆ ಅದು ಸಿಗುವುದು ತೀರಾ ಅಪರೂಪ.

ಬ್ರಿಟನ್ ಸರ್ಕಾರದ ಚೀವ್ನಿಂಗ್ ವಿದ್ಯಾರ್ಥಿವೇತನದಲ್ಲೂ ಇದೇ ಕಥೆ, ಒಂದು ವರ್ಷ ಓದು, ಆಮೇಲೆ ಎರಡು ವರ್ಷ ನಮ್ಮ ದೇಶದಲ್ಲಿ. ಅದಕ್ಕೇ ಅರ್ಜಿಯಲ್ಲಿ ಮಾರ್ಕ್ಸ್ ಬಗ್ಗೆ ಪುಟ ತುಂಬಿಸುವ ಬದಲು, ಬಂದ ಮೇಲೆ ಯಾವ ಏರಿಯಾದಲ್ಲಿ, ಯಾರ ಜೊತೆ ಸೇರಿ, ಏನು ಮಾಡುತ್ತೀರಿ ಅನ್ನುವುದನ್ನು ಬರೆಯಿರಿ. ಅವರು ಹುಡುಕುವುದೇ ಅದನ್ನು.

ಪ್ರಶ್ನೆ: ಅಮೆರಿಕದ ಇಂಟರ್‌ನ್ಯಾಷನಲ್ ವಿಸಿಟರ್ ಲೀಡರ್‌ಶಿಪ್ ಪ್ರೋಗ್ರಾಂನಲ್ಲಿ ಸೀಟು ಮಾಡಿಸಿಕೊಡುತ್ತೇನೆ, 80 ಸಾವಿರ ಕೊಡಿ ಅಂತ ಒಬ್ಬರು ಹೇಳುತ್ತಿದ್ದಾರೆ. ನಂಬಬಹುದಾ?

ಬೇಡ. ಆ ಕಾರ್ಯಕ್ರಮಕ್ಕೆ ಅರ್ಜಿ ಫಾರಂ ಅನ್ನುವುದೇ ಇಲ್ಲ ಸ್ವಾಮಿ. ಅಮೆರಿಕದ ರಾಯಭಾರ ಕಚೇರಿಯವರೇ ಆಯಾ ಕ್ಷೇತ್ರದಲ್ಲಿ ಕೆಲಸ ಮಾಡಿದವರನ್ನು ಗುರುತಿಸಿ ಹೆಸರು ಕಳಿಸುತ್ತಾರೆ. ಇಲ್ಲದ ಅರ್ಜಿಗೆ ಫೀಸ್ ಎಲ್ಲಿಂದ ಬರಬೇಕು?

ಪ್ರಶ್ನೆ: ಕೆಂಗೇರಿ ಕಡೆಯವರು ನಾವು, ಎಂಟು ಜನರ ತಮಟೆ ತಂಡ. ಆಸ್ಟ್ರೇಲಿಯಾದ ಕನ್ನಡದವರು ಹಬ್ಬಕ್ಕೆ ಕರೆದಿದ್ದಾರೆ. ಊಟ, ವಸತಿ ಅವರದು. ವಿಮಾನದ ಖರ್ಚು ನಮ್ಮದೇ ಅಂತೆ. ಸರ್ಕಾರ ಏನಾದರೂ ಕೊಡುತ್ತಾ?

ನೀವು ಮೊದಲು ನೋಡಬೇಕಾದ್ದು ಐಸಿಸಿಆರ್, ಅಂದರೆ ಭಾರತೀಯ ಸಾಂಸ್ಕೃತಿಕ ಸಂಬಂಧಗಳ ಪರಿಷತ್ತು. ಮೌಲಾನಾ ಆಜಾದ್ 1950ರಲ್ಲಿ ಕಟ್ಟಿದ್ದು, ವಿದೇಶಾಂಗ ಇಲಾಖೆಯ ಕೆಳಗೆ ಬರುತ್ತದೆ, ಬೆಂಗಳೂರಿನಲ್ಲೂ ಕಚೇರಿ ಇದೆ. ಅವರ ಹತ್ತಿರ ಕಲಾವಿದರ ಒಂದು ಪಟ್ಟಿ ಇರುತ್ತದೆ. ಅದರಲ್ಲಿ ಹೆಸರಿಲ್ಲದೆ ದುಡ್ಡಿನ ಮಾತು ಮುಂದೆ ಹೋಗುವುದು ಕಷ್ಟ. ಹಬ್ಬ ಹತ್ತಿರ ಬಂದಾಗ ಓಡಾಡುವ ಬದಲು, ಆಹ್ವಾನ ಇರಲಿ ಬಿಡಲಿ, ಈಗಲೇ ಪಟ್ಟಿಗೆ ಸೇರುವ ಕೆಲಸ ಶುರು ಮಾಡಿ. ಒಳ್ಳೆಯ ವಿಡಿಯೋ ಇಟ್ಟುಕೊಳ್ಳಿ. ಮದುವೆ ಮೆರವಣಿಗೆಯಲ್ಲಿ ಮೊಬೈಲಲ್ಲಿ ಹಿಡಿದದ್ದಲ್ಲ, ಎಂಟೂ ಜನ ಕಾಣಬೇಕು, ಹೆಜ್ಜೆಯೂ ಕಾಣಬೇಕು.

ಇನ್ನು ಖರ್ಚಿನ ಪಟ್ಟಿ. 'ಪ್ರಯಾಣ, ಒಟ್ಟು ಇಷ್ಟು' ಅಂತ ಒಂದೇ ಸಾಲು ಬರೆದುಕೊಂಡು ಬರುವವರೇ ಜಾಸ್ತಿ. ತಮಟೆ ಬ್ಯಾಗಿನೊಳಗೆ ಹಿಡಿಯುತ್ತಾ? ಹೆಚ್ಚುವರಿ ಲಗೇಜಿನ ದುಡ್ಡು ಬೇರೆಯೇ ಬರೆಯಿರಿ. ಆಸ್ಟ್ರೇಲಿಯಾದಲ್ಲಿ ಚರ್ಮದ ವಾದ್ಯ ತಂದಿದ್ದೇವೆ ಅಂತ ಇಳಿದ ತಕ್ಷಣ ಫಾರಂನಲ್ಲಿ ಬರೆದು ಕೊಡಬೇಕು, ಮುಚ್ಚಿಟ್ಟರೆ ದಂಡ. ಚರ್ಮದ ಮೇಲೆ ಕೂದಲು ಉಳಿದಿದ್ದರೆ, ಹುಳ ಹತ್ತಿದ ಗುರುತಿದ್ದರೆ ತಡೆದು ನಿಲ್ಲಿಸುತ್ತಾರೆ. ಒಂದೆರಡು ಫೈಬರ್ ತಮಟೆ ಜೊತೆಗಿರಲಿ.

ಮತ್ತೆ ಬೆಂಕಿ! ಒಂದು ತಂಡದ ಮೇಲ್ವಿಚಾರಣೆಗೆ ಅಂತ ಹೊರದೇಶಕ್ಕೆ ಹೋಗಿದ್ದಾಗ ನನಗೂ ಇದು ಹೊಳೆದಿರಲಿಲ್ಲ. ಇಲ್ಲಿ ಒಂದು ಹಿಡಿ ಹುಲ್ಲು ಹಚ್ಚಿ ತಮಟೆ ಕಾಯಿಸಿದರೆ ಆಯಿತು. ಅಲ್ಲಿ ಸಭಾಂಗಣದವರು ಬೆಂಕಿಕಡ್ಡಿ ಕಂಡೇ ಗಾಬರಿಯಾದರು, ಹೊರಗೆ ನೋಡಿದರೆ ಮಳೆ, ಥಂಡಿಗೆ ಚರ್ಮ ಸಡಿಲಾಗಿ ಬಡಿದರೆ ರಟ್ಟಿನ ಡಬ್ಬ ಬಡಿದ ಹಾಗೆ ಸದ್ದು. ಕೊನೆಗೆ ಗ್ರೀನ್ ರೂಮಿನಲ್ಲಿ ನಾಲ್ಕು ಹೇರ್ ಡ್ರೈಯರ್ ಹಿಡಿದು ಕೂತೆವು, ಒಂದು ಗಂಟೆ. ನಡೆದುಹೋಯಿತು, ಆದರೆ ನೀವು ಮೊದಲೇ ಕೇಳಿಕೊಳ್ಳಿ.

ಹಾಂ, ನಿಮ್ಮ ತಂಡದ ಹೆಸರಲ್ಲಿ ಟ್ರಸ್ಟ್ ಇದ್ದು, ಕರೆದವರು ಅದರ ಖಾತೆಗೆ ದುಡ್ಡು ಹಾಕುತ್ತೇವೆ ಅಂದರೆ ಸುಮ್ನೆ ಹೂಂ ಅನ್ನಬೇಡಿ. ಟ್ರಸ್ಟ್ ವಿದೇಶಿ ದೇಣಿಗೆ ಪಡೆಯಬೇಕಾದರೆ ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ ಕೆಳಗೆ ನೋಂದಣಿ ಅಥವಾ ಮುಂಚಿನ ಅನುಮತಿ ಬೇಕು. ನೋಂದಣಿಗೆ ಟ್ರಸ್ಟ್‌ಗೆ ಮೂರು ವರ್ಷ ಆಗಿರಬೇಕು, ಆ ಮೂರು ವರ್ಷದಲ್ಲಿ ಕನಿಷ್ಠ 15 ಲಕ್ಷ ರೂಪಾಯಿಯ ಕೆಲಸ ಮಾಡಿರಬೇಕು. ಟಿಕೆಟ್ಟನ್ನು ಅವರೇ ಬುಕ್ ಮಾಡಿ ಕಳಿಸಿದರೆ ಸಲೀಸು ಅಲ್ವಾ, ಆದರೂ ನಿಮ್ಮ ಆಡಿಟರ್‌ಗೆ ಒಂದು ಮಾತು ಕೇಳಿ.

ಪ್ರಶ್ನೆ: ಸರ್ಕಾರಿ ಹೈಸ್ಕೂಲ್ ಮೇಷ್ಟ್ರು ನಾನು. ಬೇರೆ ದೇಶದ ಸರ್ಕಾರವೇ ಪೂರ್ತಿ ಖರ್ಚು ಕೊಟ್ಟು ಆರು ವಾರದ ತರಬೇತಿಗೆ ಕರೆದಿದೆ. ಇಲಾಖೆಯ ಎನ್‌ಒಸಿ ಸಾಕಾ?

ಸಾಲದು ಸರ್. ಸರ್ಕಾರಿ ನೌಕರರು ವಿದೇಶಿ ಆತಿಥ್ಯ, ಅಂದರೆ ಹೊರದೇಶದವರ ಖರ್ಚಿನಲ್ಲಿ ಪ್ರಯಾಣ, ಊಟ, ವಸತಿ ಪಡೆಯಬೇಕಾದರೆ ಕೇಂದ್ರ ಗೃಹ ಇಲಾಖೆಯ ಅನುಮತಿಯೂ ಬೇಕು. ಎಫ್‌ಸಿ-2 ಅನ್ನುವ ಅರ್ಜಿ, ಆನ್‌ಲೈನ್‌ನಲ್ಲೇ ಇದೆ. ಹೊರಡುವ ಎರಡು ವಾರ ಮೊದಲಾದರೂ ಅದು ಅವರಿಗೆ ಸೇರಿರಬೇಕು ಅಂತ ನಿಯಮ, ಆದರೆ ಅದಕ್ಕೆ ಇಲಾಖೆಯ ಒಪ್ಪಿಗೆ ಪತ್ರ ಲಗತ್ತಿಸಬೇಕಲ್ಲ, ನಿಮ್ಮ ಫೈಲು ಬಿಇಒ ಆಫೀಸಿನ ಮೇಜಿನಿಂದ ಮೇಜಿಗೆ ಎಷ್ಟು ದಿನಕ್ಕೆ ದಾಟುತ್ತದೆ ಅನ್ನುವುದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಈ ವಾರವೇ ಕೊಟ್ಟುಬಿಡಿ.