ಕರ್ನಾಟಕದಲ್ಲಿ ಪರಿಸರ ಕೆಲಸಗಳಿಗೆ ಸರ್ಕಾರ ದುಡ್ಡು ಎಲ್ಲಿಂದ ತರುತ್ತದೆ?

ಬಜೆಟ್‌ನಿಂದ ಅಂತ ಒಂದೇ ಮಾತಲ್ಲಿ ಹೇಳಬಹುದು, ಆದರೆ ಅದು ಅರ್ಧ ಉತ್ತರ. ಅರಣ್ಯ ಇಲಾಖೆಯ ಸಂಬಳ, ನರ್ಸರಿಗಳ ಖರ್ಚು ಬಜೆಟ್‌ನಲ್ಲೇ ಬರುತ್ತದೆ. ಕೇಂದ್ರದ ಯೋಜನೆಗಳಿಂದಲೂ ಒಂದಿಷ್ಟು ಸಿಗುತ್ತದೆ.

ನನಗೆ ಜಾಸ್ತಿ ಕುತೂಹಲದ ವಿಷಯ ಅಂದ್ರೆ, ಹಾನಿ ಮಾಡಿದವರಿಂದಲೇ ವಸೂಲಾಗುವ ಹಣ. ರಸ್ತೆಗೋ ಗಣಿಗೋ ಕಾಡು ಬೇಕು ಅಂತಿಟ್ಟುಕೊಳ್ಳಿ. ಬದಲಿಗೆ ಗಿಡ ಬೆಳೆಸುವ ಖರ್ಚನ್ನು ಕೇಳಿದವರೇ ಕಟ್ಟಬೇಕು. ಕಳೆದುಕೊಳ್ಳುವ ಕಾಡಿಗೂ ಬೆಲೆ ಇದೆ: 2022ರ ದರದಲ್ಲಿ, ಕಾಡಿನ ಬಗೆ ನೋಡಿ, ಹೆಕ್ಟೇರಿಗೆ ಸುಮಾರು 9.5 ಲಕ್ಷದಿಂದ 16 ಲಕ್ಷ ರೂಪಾಯಿ. ಈ ಹಣವೆಲ್ಲ ಸೇರುವುದು ಕ್ಯಾಂಪಾ ನಿಧಿಗೆ, ಅಂದ್ರೆ ಹೋದ ಕಾಡಿಗೆ ಬದಲಾಗಿ ಕಾಡು ಬೆಳೆಸಲು ಇಟ್ಟಿರುವ ನಿಧಿಗೆ. 2016ರ ಕಾಯ್ದೆ ಪ್ರಕಾರ 90% ರಾಜ್ಯಕ್ಕೆ, 10% ಕೇಂದ್ರಕ್ಕೆ. ನೂರು ವರ್ಷದ ಕಾಡಿಗೆ ಸಾಲು ಸಸಿ ಸಮ ಅಲ್ಲ, ಅದು ಬೇರೆ ಮಾತು ಬಿಡಿ.

ಬಳ್ಳಾರಿ, ಚಿತ್ರದುರ್ಗ, ತುಮಕೂರಿನ ಗಣಿ ಪ್ರದೇಶದ್ದು ಇನ್ನೊಂದು ಕಥೆ. ಅಕ್ರಮ ಗಣಿಗಾರಿಕೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆದೇಶದಂತೆ, ಹರಾಜಾದ ಅದಿರಿನ ಹಣದ ಒಂದು ಪಾಲನ್ನು ಆ ಊರುಗಳನ್ನು ಸರಿಪಡಿಸಲು ಎತ್ತಿಡಲಾಯಿತು. ಸುಮಾರು 25 ಸಾವಿರ ಕೋಟಿಯ ಯೋಜನೆಗೆ 2022ರಲ್ಲಿ ಕೋರ್ಟ್ ಒಪ್ಪಿಗೆ ಕೊಟ್ಟಿತು.

ಮಾಲಿನ್ಯ ನಿಯಂತ್ರಣ ಮಂಡಳಿ ಬಹುಮಟ್ಟಿಗೆ ಶುಲ್ಕದ ಮೇಲೆ ನಡೆಯುತ್ತದೆ. ಒಂದು ಅಕ್ಕಿ ಗಿರಣಿ ಶುರುಮಾಡಿದರೂ ಮಂಡಳಿಯ ಅನುಮತಿ ಬೇಕು. ಹೂಡಿದ ಬಂಡವಾಳ ಎಷ್ಟು ಅಂತ ನೋಡಿ ಶುಲ್ಕ. ಮೊದಲು ನೀರಿನ ಸೆಸ್‌ನಲ್ಲೂ ಪಾಲು ಬರುತ್ತಿತ್ತು. 2017ರಲ್ಲಿ ಜಿಎಸ್‌ಟಿ ಬಂದಾಗ ಅದು ರದ್ದಾಯಿತು.